ಫ್ಯಾನಿಲ್ಲದ ಕಂಪ್ಯೂಟರು

ಹೋದ ಮಾಗಿಯಲ್ಲಿ ನಮ್ಮ ತಾಯಿಯವರು ಧಾರವಾಡದ ಕಡೆಯ ಹಳ್ಳಿಯಿಂದ ಮುಂಬಯಿಗೆ ಬಂದು ನಮ್ಮಲ್ಲಿ ಮೂರು ತಿಂಗಳು ಇದ್ದರು. ಮಕ್ಕಳು ಮಲಗಿದ ಮೇಲೆ, ಕೈಗೆ ಕೆಲಸವಿಲ್ಲದ ಹೊತ್ತಿನಲ್ಲಿ, ಅವರು ತಮ್ಮಷ್ಟಕ್ಕೆ ತಾವೇ ಬೀಸುವಕಲ್ಲಿನ ಪದಗಳನ್ನೂ ಸೋಬಾನೆಗಳನ್ನೂ ಹಾಡಿಕೊಳ್ಳುವುದುಂಟು. ಇವು ಅವರೊಡನೆಯೇ ಮುಗಿದುಹೋಗಬಾರದೆಂದು ನಾನು ಕಂಪ್ಯೂಟರಿಗೆ ಒಂದು ಮೈಕು ಸಿಕ್ಕಿಸಿ ಹದಿನಾಲ್ಕು ಹಾಡುಗಳನ್ನು ಮುದ್ರಿಸಿಕೊಂಡೆ. ಅವರು ಊರಿಗೆ ಮರಳಿದ ತರುವಾಯ ಒಂದು ದಿನ ಕುಳಿತು ಕೇಳುತ್ತೇನೆ, ಹದಿನಾಲ್ಕು ಹಾಡಿಗೂ ಹಿಂದೆ ಒಂದೇ ಶ್ರುತಿ! ಅದು ತಂಬೂರಿಯದಲ್ಲ, ಕಂಪ್ಯೂಟರಿನ ಹೊಟ್ಟೆಯೊಳಗಿನ ಫ್ಯಾನಿನದು.

ಹಾಡುವವರಿಗೊಂದು ಕೋಣೆ, ಯಂತ್ರಕ್ಕೊಂದು ಕೋಣೆ ಎಂದು ಎಲ್ಲಿಂದ ತರುವುದು? ಪರವೂರಿನಲ್ಲಿ ಸಂಸಾರ ಹೂಡಿರುವ ನಮ್ಮಲ್ಲಿ ಬಹುಮಂದಿಗೆ ಅಡಿಗೆಯ ಕಟ್ಟೆ, ಮಕ್ಕಳ ಪಾಠ, ಹಿರಿಯರ ಹಾಸಿಗೆ, ಕಂಪ್ಯೂಟರಿನ ಮೇಜು ಎಲ್ಲವೂ ಹತ್ತು ಹೆಜ್ಜೆಯ ಒಳಗೇ. ಸದ್ದನ್ನು ಅಳಿಸುವ ತಂತ್ರಾಂಶದಿಂದ ಆ ಮುದ್ರಿಕೆಯನ್ನು ತೊಳೆದು ನೋಡಿದೆ. ಫ್ಯಾನಿನ ಗುಂಯ್ಗುಟ್ಟುವಿಕೆಯೊಡನೆ ತಾಯಿಯ ದನಿಯ ಕಸುವೂ ಕೊಚ್ಚಿಹೋಗಿ, ಯಾರೋ ಕೊಡದೊಳಗೆ ಮುಖವಿಟ್ಟು ಹಾಡಿದಂತಾಯಿತು. ಕಡೆಗೆ ಸಿಟ್ಟಿನಿಂದ ಪೆಟ್ಟಿಗೆಯನ್ನು ಬಿಚ್ಚಿ ಫ್ಯಾನಿನ ತಂತಿಯನ್ನೇ ಕಿತ್ತೆ. ಮೌನವೇನೋ ಬಂದಿತು. ಹತ್ತು ನಿಮಿಷದಲ್ಲಿ ಯಂತ್ರ ಮೊದಲು ಕುಂಟಿತು. ಅನಂತರ ಹೇಳದೆ ಕೇಳದೆ ಕಣ್ಣು ಮುಚ್ಚಿತು. ಬಿಸಿ ಮಿತಿಮೀರಿದರೆ ತಾನೇ ಆರಿಹೋಗುವ ಬುದ್ಧಿ ಈಗಿನ ಯಂತ್ರಗಳಿಗೆ ಇರುವುದರಿಂದ ನನ್ನ ದುಡ್ಡು ಉಳಿಯಿತು.

ನಮ್ಮ ಕಛೇರಿಗಳಲ್ಲಿ ಹುದ್ದೆ ರದ್ದಾದರೂ ಅದರ ಕಡತಗಳು ರದ್ದಾಗುವುದಿಲ್ಲವಷ್ಟೆ? ಇದೂ ಹಾಗೆಯೇ. ಫ್ಯಾನನ್ನು ತೆಗೆಯುವುದು ಸುಲಭ; ಫ್ಯಾನು ಮಾಡುತ್ತಿದ್ದ ಕೆಲಸವನ್ನು ತೆಗೆಯುವುದು ಸಾಧ್ಯವಿಲ್ಲ. ಅದನ್ನು ಮತ್ತೊಬ್ಬರಿಗೆ ವಹಿಸಬೇಕು. ಫ್ಯಾನಿಲ್ಲದ ಕಂಪ್ಯೂಟರುಗಳನ್ನು ಮಾಡುವವರು ಆ ಕೆಲಸವನ್ನು ಯಾರಿಗೆ ವಹಿಸಿದ್ದಾರೆ, ನಮ್ಮ ಊರುಗಳ ಸೆಕೆಯಲ್ಲಿ ಅವರ ಲೆಕ್ಕ ನಿಲ್ಲುತ್ತದೆಯೆ ಎಂಬುದೇ ಈ ಬರಹದ ವಿಷಯ.

ಫ್ಯಾನು ಏಕೆ ಬೇಕಾಯಿತು?

ಕಂಪ್ಯೂಟರಿನ ಮಿದುಳಾದ ಪ್ರಾಸೆಸರ್ ಎಂಬ ಚಿಪ್ ಎಷ್ಟು ವಿದ್ಯುತ್ತನ್ನು ಉಣ್ಣುತ್ತದೆಯೋ ಅಷ್ಟನ್ನೂ ಶಾಖವಾಗಿ ಹೊರಗೆ ಹಾಕುತ್ತದೆ. ಹಿಂದೆ ನಮ್ಮ ಮನೆಗಳಲ್ಲಿದ್ದ ೬೦ ವ್ಯಾಟಿನ ತಂತಿಬಲ್ಬನ್ನು ಉರಿಯುವಾಗ ಮುಟ್ಟಿ ಕೈ ಸುಟ್ಟುಕೊಂಡ ನೆನಪು ಅನೇಕರಿಗೆ ಇರಬಹುದು. ಅದೇ ಪ್ರಮಾಣದ ಶಾಖವು ಬಲ್ಬಿನ ಗಾಜಿಗೆ ಬದಲಾಗಿ ಹೆಬ್ಬೆರಳಿನ ಉಗುರಿನಷ್ಟು ಜಾಗದಿಂದ ಹೊಮ್ಮುತ್ತದೆಂದು ಭಾವಿಸಿದರೆ ಪ್ರಾಸೆಸರಿನ ಸಂಕಟ ತಿಳಿದೀತು.

ಮೊದಲು ಹೀಗಿರಲಿಲ್ಲ. ೧೯೭೮ರಲ್ಲಿ ಬಂದ ಇಂಟೆಲ್ ಕಂಪನಿಯ ೮೦೮೬ ಚಿಪ್ಪಿನ ತಲೆಯ ಮೇಲೆ ಲೋಹದ ತುಂಡು ಕೂಡ ಇರುತ್ತಿರಲಿಲ್ಲ. ೧೯೯೩ರ ಪೆಂಟಿಯಮ್ ಕಾಲದಿಂದ ಲೋಹದ ರೆಕ್ಕೆಗಳು, ಅವುಗಳ ಮೇಲೊಂದು ಪುಟ್ಟ ಫ್ಯಾನು ವಾಡಿಕೆಯಾದುವು. ೨೦೦೪ರ ಹೊತ್ತಿಗೆ ಪೆಂಟಿಯಮ್-೪ ಚಿಪ್ಪುಗಳಲ್ಲಿ ಕೆಲವು ನೂರು ವ್ಯಾಟನ್ನು ದಾಟಿದುವು. ೨೦೨೨ರ ಕೋರ್ ಐ-೯ ಜಾತಿಯ ದೊಡ್ಡ ಚಿಪ್ಪಿಗೆ ಭರದ ಕೆಲಸದಲ್ಲಿ ೨೫೩ ವ್ಯಾಟಿನವರೆಗೆ ಅನುಮತಿ ಇದೆ. ಅದೇ ವರ್ಷದ ಎನ್‌ವಿಡಿಯಾ ಆರ್‌ಟಿಎಕ್ಸ್ ೪೦೯೦ ಎಂಬ ಚಿತ್ರಫಲಕವೊಂದಕ್ಕೇ ೪೫೦ ವ್ಯಾಟ್. ಇಷ್ಟು ಕಾವನ್ನು ಬೀಸಿ ಓಡಿಸಲು ಫ್ಯಾನಿಗೆ ಫ್ಯಾನು ಸೇರುತ್ತ ಹೋದುದರಲ್ಲಿ ಆಶ್ಚರ್ಯವಿಲ್ಲ.

ಫ್ಯಾನಿನ ಸದ್ದನ್ನು ಸಹಿಸದವರು ಹಿಂದೆಯೂ ಇದ್ದರು. ಆಪಲ್ ಕಂಪನಿಯ ಸ್ಟೀವ್ ಜಾಬ್ಸ್ ಅವರಲ್ಲಿ ಪ್ರಮುಖರು. ೧೯೮೦ರ ಆಪಲ್-೩ ಯಂತ್ರ ಫ್ಯಾನಿಲ್ಲದೆಯೇ ಬಂದಿತು. ಬಿಸಿಯಿಂದ ಅದರ ಚಿಪ್ಪುಗಳು ಗೂಡಿನಿಂದ ಸಡಿಲಗೊಳ್ಳುತ್ತವೆಂದು ದೂರು ಹುಟ್ಟಿತು. ಯಂತ್ರವನ್ನು ಮೇಜಿನಿಂದ ಸ್ವಲ್ಪ ಎತ್ತಿ ಕೆಳಕ್ಕೆ ಬಿಟ್ಟರೆ ಅವು ಮತ್ತೆ ಕೂರುತ್ತವೆಂಬ ಸಲಹೆಯೂ ಪ್ರಸಿದ್ಧವಾಯಿತು. ಅವರು ಮತ್ತೆ ೨೦೦೦ದಲ್ಲಿ ಪವರ್ ಮ್ಯಾಕ್ ಜಿ-೪ ಕ್ಯೂಬ್ ಎಂಬ ಚೌಕನೆಯ ಚೆಲುವಿನ ಯಂತ್ರವನ್ನು ತಂದರು. ತಳದಿಂದ ತಂಗಾಳಿ ಒಳಹೊಕ್ಕು, ಬಿಸಿಯಾಗಿ, ನೆತ್ತಿಯ ಕಿಂಡಿಯಿಂದ ತಾನೇ ಹೊರಬೀಳುವ ಏರ್ಪಾಡು ಅದರಲ್ಲಿತ್ತು. ಬೆಲೆ ಹೆಚ್ಚಾದುದರಿಂದ ಕೊಳ್ಳುವವರು ಕಡಮೆಯಾಗಿ ೨೦೦೧ರ ಜುಲೈಯಲ್ಲಿ ತಯಾರಿಕೆ ನಿಂತಿತು. ಆದರೆ ದಾರಿಯೇನೋ ತೋರಿತು: ಬಿಸಿಯಾದ ಗಾಳಿ ಹಗುರಾಗಿ ತಾನೇ ಮೇಲೇರುತ್ತದೆ, ಅದಕ್ಕೆ ದಾರಿ ಬಿಟ್ಟುಕೊಡುವುದಷ್ಟೇ ನಮ್ಮ ಕೆಲಸ. ಹಳ್ಳಿಯ ಅಡಿಗೆಮನೆಯಲ್ಲಿ ಒಲೆಯ ನೇರಕ್ಕೆ ಹೊಗೆಗಿಂಡಿ ಬಿಡುತ್ತಿದ್ದ ನಮ್ಮ ಹಿರಿಯರಿಗೂ ಈ ತತ್ತ್ವ ತಿಳಿದಿತ್ತು.

ಇಡ್ಲಿಪಾತ್ರೆಯ ಉಪಾಯ

ಫ್ಯಾನಿಲ್ಲದ ಯಂತ್ರದಲ್ಲಿ ಶಾಖವು ಎರಡು ಘಟ್ಟಗಳನ್ನು ದಾಟಬೇಕು. ಮೊದಲನೆಯದು ಚಿಪ್ಪಿನಿಂದ ದೂರದ ಲೋಹದ ರೆಕ್ಕೆಗಳವರೆಗಿನ ಪ್ರಯಾಣ. ಇದಕ್ಕೆ ಹೀಟ್ ಪೈಪ್ ಎಂಬ ತಾಮ್ರದ ಕೊಳವೆಯನ್ನು ಬಳಸುತ್ತಾರೆ. ಹೊರಗಿನಿಂದ ನೋಡಿದರೆ ಅದು ಬರಿಯ ತಾಮ್ರದ ಕಡ್ಡಿ. ಆದರೆ ಒಳಗೆ ಟೊಳ್ಳು. ಗಾಳಿಯನ್ನು ಹೊರತೆಗೆದು ಸ್ವಲ್ಪ ನೀರನ್ನು ಹಾಕಿ ಎರಡು ತುದಿಗಳನ್ನೂ ಮುಚ್ಚಿರುತ್ತಾರೆ. ಒತ್ತಡ ಕಡಮೆಯಾದುದರಿಂದ ಆ ನೀರು ಸ್ವಲ್ಪ ಕಾವಿಗೇ ಆವಿಯಾಗುತ್ತದೆ. ಚಿಪ್ಪಿನ ಕಡೆಯ ತುದಿಯಲ್ಲಿ ಎದ್ದ ಆವಿ ತಣ್ಣನೆಯ ತುದಿಗೆ ಧಾವಿಸಿ, ಅಲ್ಲಿ ಶಾಖವನ್ನು ಒಪ್ಪಿಸಿ, ಮತ್ತೆ ನೀರಾಗಿ, ಒಳಮೈಯ ಸಣ್ಣ ರಂಧ್ರಗಳ ಹೊದಿಕೆಯ ಮೂಲಕ ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆ ಹಿಂದಿರುಗುತ್ತದೆ. ಇಡ್ಲಿಪಾತ್ರೆಯ ಮುಚ್ಚಳದ ಕೆಳಗೆ ಹಬೆ ಹನಿಗಟ್ಟಿ ತೊಟ್ಟಿಕ್ಕುವುದನ್ನು ನೋಡಿರುವ ಗೃಹಿಣಿಯರಿಗೆ ಇದನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ. ಅಮೆರಿಕದಲ್ಲಿ ೧೯೪೦ರ ದಶಕದಲ್ಲೇ ಗಾಗ್ಲರ್ ಎಂಬುವರು ಈ ಉಪಾಯಕ್ಕೆ ಪೇಟೆಂಟು ಪಡೆದಿದ್ದರು; ೧೯೬೩ರಲ್ಲಿ ಲಾಸ್ ಅಲಾಮೋಸ್ ಪ್ರಯೋಗಾಲಯದ ಜಾರ್ಜ್ ಗ್ರೋವರ್ ಅದನ್ನು ಮತ್ತೆ ಕಂಡುಹಿಡಿದು ರೂಢಿಗೆ ತಂದರು. ಅಂತರಿಕ್ಷನೌಕೆಗಳಿಗೆ ಸಂದ ಉಪಾಯ ಈಗ ನಮ್ಮ ಮೇಜಿಗೆ ಬಂದಿದೆ.

ಎರಡನೆಯ ಘಟ್ಟ ರೆಕ್ಕೆಗಳಿಂದ ಗಾಳಿಗೆ. ಕಷ್ಟವಿರುವುದು ಇಲ್ಲಿಯೇ. ಗಾಳಿ ಶಾಖವನ್ನು ಒಯ್ಯುವುದರಲ್ಲಿ ಬಲು ಸೋಮಾರಿ. ಫ್ಯಾನಾದರೋ ಅದನ್ನು ತಳ್ಳಿ ದುಡಿಸುತ್ತದೆ. ತಳ್ಳುವವರಿಲ್ಲದಿದ್ದರೆ ಲೋಹದ ಮೈಯನ್ನೇ ಹರಡಬೇಕು. ಆದುದರಿಂದಲೇ ಇಂಥ ಯಂತ್ರಗಳು ಕಬ್ಬಿಣದ ಅಂಗಡಿಯ ಸರಕಿನಂತೆ ಭಾರವಾಗಿರುತ್ತವೆ. ನೆದರ್ಲೆಂಡಿನ ಸ್ಟ್ರೀಕಾಮ್ ಕಂಪನಿಯ ಡಿಬಿ-೪ ಎಂಬ ಪೆಟ್ಟಿಗೆಯ ಅಲ್ಯುಮಿನಿಯಮ್ ಗೋಡೆಗಳೇ ರೆಕ್ಕೆಗಳ ಕೆಲಸ ಮಾಡುತ್ತವೆ. ೬೫ ವ್ಯಾಟಿನ ಪ್ರಾಸೆಸರನ್ನು ಅದು ಹೊರಬಲ್ಲದು. ಇಸ್ರೇಲಿನ ಕಂಪ್ಯೂಲ್ಯಾಬ್ ಕಂಪನಿ ತನ್ನ ಏರ್‌ಟಾಪ್ ಯಂತ್ರಗಳ ಪಕ್ಕದ ಗೋಡೆಗಳಲ್ಲಿ ನಿಲುವಾದ ಗಾಳಿಕೊಳವೆಗಳನ್ನೇ ಇಟ್ಟು ಹೊಗೆಗಿಂಡಿಯ ತತ್ತ್ವವನ್ನು ಸಾಧಿಸಿತು. ೨೦೧೯ರ ಏರ್‌ಟಾಪ್-೩ರಲ್ಲಿ ಎಂಟು ಕೋರಿನ ಐ-೯ ಚಿಪ್ಪೂ ಕಸುವುಳ್ಳ ಚಿತ್ರಫಲಕವೂ ಫ್ಯಾನಿಲ್ಲದೆ ದುಡಿದುವು. ವಿನೋದವೇನೆಂದರೆ, ಫ್ಯಾನುಗಳಿಗೇ ಹೆಸರಾದ ಆಸ್ಟ್ರಿಯಾದ ನಾಕ್ಟುವಾ ಕಂಪನಿಯೂ ೨೦೨೧ರಲ್ಲಿ ಎನ್‌ಎಚ್-ಪಿ೧ ಎಂಬ ಫ್ಯಾನಿಲ್ಲದ ಶೀತಕವನ್ನು ಮಾರಾಟಕ್ಕೆ ತಂದಿತು. ಅದೊಂದೇ ಒಂದು ಕಿಲೋವಿಗೂ ಮಿಗಿಲಾದ ತೂಕ. ಬಿಸಿಗಾಳಿ ತಡೆಯಿಲ್ಲದೆ ಏರಲೆಂದು ಅದರ ರೆಕ್ಕೆಗಳನ್ನು ದಪ್ಪನಾಗಿ, ದೂರ ದೂರವಾಗಿ ಜೋಡಿಸಿದ್ದಾರೆ.

ನಮ್ಮ ಊರುಗಳ ಲೆಕ್ಕ

ಈಗ ಗುಮಾಸ್ತನ ಲೆಕ್ಕಕ್ಕೆ ಬರೋಣ. ಸ್ಥೂಲವಾಗಿ ಹೇಳುವುದಾದರೆ, ನಿಂತ ಗಾಳಿಯಲ್ಲಿ ಒಂದು ಚದರ ಮೀಟರಿನ ಲೋಹವು ಕೋಣೆಗಿಂತ ಒಂದು ಡಿಗ್ರಿ ಬಿಸಿಯಾಗಿದ್ದರೆ ೧೦ ವ್ಯಾಟಿನಷ್ಟು ಶಾಖವನ್ನು ಬಿಟ್ಟುಕೊಡುತ್ತದೆ. ಕೋಣೆಗಿಂತ ೩೦ ಡಿಗ್ರಿ ಬಿಸಿಯಾಗಲು ಒಪ್ಪಿದರೆ, ೬೫ ವ್ಯಾಟಿಗೆ ಸುಮಾರು ಎರಡೂಕಾಲು ಚದರ ಅಡಿಯ, ಗಾಳಿ ಸಲೀಸಾಗಿ ಆಡುವ ಮೈ ಬೇಕು. ಯೂರೋಪಿನ ೨೨ ಡಿಗ್ರಿಯ ಕೋಣೆಯಲ್ಲಿ ಈ ಪೆಟ್ಟಿಗೆಯ ಮೈ ೫೨ ಡಿಗ್ರಿಗೆ ನಿಲ್ಲುತ್ತದೆ. ಮುಟ್ಟಿದರೆ ಬಿಸಿ, ಆದರೆ ಕೈ ಸುಡದು.

ಅದೇ ಪೆಟ್ಟಿಗೆಯನ್ನು ದಿಲ್ಲಿಯ ವೈಶಾಖದಲ್ಲಿ, ಏರ್‌ಕಂಡೀಷನ್ ಇಲ್ಲದ ೩೬ ಡಿಗ್ರಿಯ ಕೋಣೆಯಲ್ಲಿ ಇಟ್ಟರೆ ಮೈ ೬೬ ಡಿಗ್ರಿಯಾಗುತ್ತದೆ. ಒಳಗಿನ ಚಿಪ್ಪೂ ಹದಿನಾಲ್ಕು ಡಿಗ್ರಿ ಮೇಲೇರುತ್ತದೆ. ಮೈಯನ್ನು ೫೨ಕ್ಕೇ ನಿಲ್ಲಿಸಬೇಕಾದರೆ ಅದರಿಂದ ಸುಮಾರು ಅರ್ಧದಷ್ಟು ವ್ಯಾಟಿನ ಕೆಲಸವನ್ನು ಮಾತ್ರ ಅಪೇಕ್ಷಿಸಬೇಕು. ಪರದೇಶದಲ್ಲಿ ಪರೀಕ್ಷಿಸಿದ ೬೫ ವ್ಯಾಟಿನ ಪೆಟ್ಟಿಗೆ ದಿಲ್ಲಿ, ಹೈದರಾಬಾದು, ಚೆನ್ನೈಗಳ ಬೇಸಗೆಯಲ್ಲಿ ೩೦–೩೫ ವ್ಯಾಟಿನದೆಂದು ಎಣಿಸಿಕೊಳ್ಳುವುದು ಕ್ಷೇಮ. ಮುಂಬಯಿಯವರು ಬೆವರನ್ನು ನೆನೆದು ಹೆದರಬೇಕಾಗಿಲ್ಲ. ತೇವಕ್ಕೆ ಸೊರಗುವವರು ನಾವು, ಲೋಹವಲ್ಲ. ಅದಕ್ಕೆ ಲೆಕ್ಕ ಉಷ್ಣಮಾಪಕದ್ದು ಮಾತ್ರ.

ನಮ್ಮ ಪಾಲಿಗೆ ಒಂದು ಲಾಭವೂ ಉಂಟು. ಧೂಳನ್ನು ಒಳಕ್ಕೆ ಎಳೆಯುವ ಫ್ಯಾನೇ ಇಲ್ಲದ ಮೇಲೆ ಯಂತ್ರದ ಒಳಗೆ ಧೂಳು ಸೇರುವುದು ಬಹಳ ಕಡಮೆ. ಇನ್ನು ಬೇಸಗೆಯಲ್ಲಿ ಹೇಗೂ ತಲೆಯ ಮೇಲೆ ಸೀಲಿಂಗ್ ಫ್ಯಾನು ತಿರುಗುತ್ತಿರುತ್ತದೆ. ಅದರ ಮೆಲುಗಾಳಿಯೂ ರೆಕ್ಕೆಗಳಿಗೆ ದೊಡ್ಡ ಉಪಕಾರ. ಆಗ ನಿಮ್ಮ ಕಂಪ್ಯೂಟರಿಗೆ ಫ್ಯಾನಿಲ್ಲವೆಂದು ಹೇಳಿಕೊಳ್ಳುವುದು ಎಷ್ಟು ಪ್ರಾಮಾಣಿಕವೆಂಬುದು ಬೇರೆಯ ಮಾತು!

ಸ್ವಲ್ಪ ನಿಧಾನ, ಬಹಳ ತಂಪು

ಹಾಗಾದರೆ ಭಾರಿ ಕೆಲಸ ಮಾಡುವವರಿಗೆ ಇದು ಹೇಳಿಸಿದ್ದಲ್ಲವೆ? ಹಾಗೇನೂ ಇಲ್ಲ. ಚಿಪ್ಪಿನ ವೇಗವನ್ನು ಏರಿಸಬೇಕಾದರೆ ವೋಲ್ಟೇಜನ್ನೂ ಏರಿಸಬೇಕಾಗುತ್ತದೆ. ವ್ಯಾಟುಗಳು ವೋಲ್ಟೇಜಿನ ವರ್ಗಕ್ಕೆ ಅನುಸಾರವಾಗಿ ಬೆಳೆಯುತ್ತವೆ. ಎಂದರೆ ಕಡೆಯ ಚೂರು ವೇಗಕ್ಕೆ ತೆರುವ ಬೆಲೆಯೇ ಅತಿ ಹೆಚ್ಚು. ಅದನ್ನು ಬಿಟ್ಟುಕೊಟ್ಟರೆ ಕಾವು ಬೇಗ ಇಳಿಯುತ್ತದೆ. ತನ್ನ ಹದಿಮೂರನೆಯ ಪೀಳಿಗೆಯ ಐ-೯, ಹಿಂದಿನ ಪೀಳಿಗೆಯ ಐ-೯ ೨೪೧ ವ್ಯಾಟಿನಲ್ಲಿ ಮಾಡುತ್ತಿದ್ದ ಕೆಲಸವನ್ನು ೬೫ ವ್ಯಾಟಿನಲ್ಲಿಯೇ ಮಾಡಬಲ್ಲದೆಂದು ಇಂಟೆಲ್ ಕಂಪನಿ ೨೦೨೨ರಲ್ಲಿ ಹೇಳಿಕೊಂಡಿತು. ಯಂತ್ರ ಏಳುವಾಗಿನ ಬಯಾಸ್ ಪುಟದಲ್ಲಿ ಈ ವ್ಯಾಟಿನ ಮಿತಿಯನ್ನು ಬಹುಮಟ್ಟಿಗೆ ನಾವೇ ವಿಧಿಸಬಹುದು. ಚಲನಚಿತ್ರ ಸಂಕಲನ ಮಾಡುವ ಮಿತ್ರರೊಬ್ಬರು ತಮ್ಮ ಫ್ಯಾನಿಲ್ಲದ ಪೆಟ್ಟಿಗೆಗೆ ಚಳಿಗಾಲದಲ್ಲಿ ೬೫, ಬೇಸಗೆಯಲ್ಲಿ ೩೫ ಎಂದು ಎರಡು ಮಿತಿಗಳನ್ನು ಗೊತ್ತುಮಾಡಿಕೊಂಡಿದ್ದಾರೆ. ಬೇಸಗೆಯಲ್ಲಿ ಕೆಲಸ ಸ್ವಲ್ಪ ತಡವಾಗುತ್ತದೆ. ಆ ಹೊತ್ತಿಗೆ ಅವರು ಚಹಾ ಕುಡಿಯುತ್ತಾರೆ.

ಬರೆಯುವುದು, ಓದುವುದು, ಪಾಠ ಕೇಳುವುದು, ಹಾಡು ಮುದ್ರಿಸುವುದು ಇಷ್ಟೇ ಕೆಲಸವಿದ್ದವರಿಗೆ ಇಷ್ಟು ಸಂಭ್ರಮವೂ ಬೇಕಾಗಿಲ್ಲ. ೨೦೨೦ರ ಎಂ-೧ ಚಿಪ್ಪಿನ ಮ್ಯಾಕ್‌ಬುಕ್ ಏರ್ ಫ್ಯಾನಿಲ್ಲದೆಯೇ ಜಾಣತನದಿಂದ ದುಡಿಯಿತು. ಬಹುಹೊತ್ತು ಭಾರ ಹೇರಿದಾಗ ಮಾತ್ರ ವೇಗ ತಗ್ಗಿಸಿತು. ೨೦೨೩ರ ಇಂಟೆಲ್ ಎನ್-೧೦೦ ಚಿಪ್ಪಿಗೆ ಗೊತ್ತುಪಡಿಸಿದ ಮಿತಿ ೬ ವ್ಯಾಟ್ ಮಾತ್ರ. ಊಟದ ಡಬ್ಬಿಯಷ್ಟು ಪೆಟ್ಟಿಗೆಯ ಮೈಯೇ ಅದಕ್ಕೆ ಸಾಕು.

ಕೊಳ್ಳುವವರಿಗೆ ನಾಲ್ಕು ಮಾತು

ಒಂದು: ರೆಕ್ಕೆಗಳು ನಿಲುವಾಗಿರಲಿ, ಮೇಲೂ ಕೆಳಗೂ ಗಾಳಿಗೆ ಎಡೆಯಿರಲಿ. ಕಪಾಟಿನ ಮೂಲೆಗೆ ತುರುಕಿ, ಮೇಲೆ ಪಂಚಾಂಗವನ್ನೂ ಕಸೂತಿಯ ಹೊದಿಕೆಯನ್ನೂ ಹಾಕುವುದು ನಮ್ಮ ಮನೆಗಳ ಚಾಳಿ. ಈ ಯಂತ್ರಕ್ಕೆ ಅದು ಉಸಿರು ಕಟ್ಟಿಸಿದಂತೆ.

ಎರಡು: ತಿರುಗುವ ಹಾರ್ಡ್ ಡಿಸ್ಕಿನ ಬದಲು ಎಸ್‌ಎಸ್‌ಡಿ ಇರಲಿ. ಇಲ್ಲವಾದರೆ ಫ್ಯಾನು ಹೋಗಿ ಡಿಸ್ಕಿನ ಗುರುಗುರು ಉಳಿಯುತ್ತದೆ. ಕೆಲವು ಯಂತ್ರಗಳಲ್ಲಿ ವಿದ್ಯುತ್ ಸುರುಳಿಗಳೇ ಸಣ್ಣಗೆ ಕೀರಲುಗುಟ್ಟುವುದುಂಟು. ರಾತ್ರಿಯ ಮೌನದಲ್ಲಿ ಕಿವಿಗೊಟ್ಟು ಪರೀಕ್ಷಿಸಿ.

ಮೂರು: ಹಳೆಯ ಯಂತ್ರದ ಫ್ಯಾನನ್ನು ನನ್ನಂತೆ ಕಿತ್ತುಹಾಕಬೇಡಿ. ಪ್ರಾಸೆಸರಿನ ಫ್ಯಾನಿನ ಗಾಳಿಯಿಂದಲೇ ಸುತ್ತಲಿನ ಇತರ ಭಾಗಗಳೂ ತಣಿಯುತ್ತಿರುತ್ತವೆ.

ನಾಲ್ಕು: ಹೊಸದನ್ನು ಕೊಳ್ಳಲು ಕೈ ಸಾಗದಿದ್ದರೆ, ದೊಡ್ಡ ರೆಕ್ಕೆಗಳ ಮೇಲೆ ದೊಡ್ಡ ಫ್ಯಾನನ್ನು ಮೆಲ್ಲಗೆ ತಿರುಗಿಸಿ. ಫ್ಯಾನಿನ ವೇಗ ಅರ್ಧವಾದರೆ ಅದರ ಸದ್ದು ಸುಮಾರು ೧೫ ಡೆಸಿಬೆಲ್ ತಗ್ಗುತ್ತದೆ. ಹೊದ್ದು ಮಲಗಿದವರಿಗೆ ಅಷ್ಟು ಸಾಕು. ಪಕ್ಕದಲ್ಲೇ ಮೈಕು ಇಟ್ಟು ಹಾಡಿಸುವವರಿಗೆ ಮಾತ್ರ ಸಾಲದು.

ನಾನು ಕಡೆಗೆ ಕೊಂಡದ್ದು ೬ ವ್ಯಾಟಿನ ಪುಟ್ಟ ಪೆಟ್ಟಿಗೆಯನ್ನು. ಹಬ್ಬದ ಮುಂಗಡದ ಹಣದೊಳಗೆ ಅದು ಮುಗಿಯಿತು. ಮೊದಲ ರಾತ್ರಿ ಅದು ನಡೆಯುತ್ತಿದೆಯೋ ಇಲ್ಲವೋ ಎಂದು ಎರಡು ಸಲ ಎದ್ದು ಮುಟ್ಟಿ ನೋಡಿದೆ. ಮಗುವಿನ ಹಣೆಯಷ್ಟು ಬೆಚ್ಚಗಿತ್ತು.

ತಾಯಿಯವರೊಡನೆ ಫೋನಿನಲ್ಲಿ ಮಾತನಾಡುವಾಗ ಆ ಹದಿನಾಲ್ಕು ಹಾಡುಗಳ ಸುದ್ದಿ ತೆಗೆದೆ. "ಅದರಾಗ ಅರ್ಧಾ ಮರತಾವಪಾ ಈಗ" ಎಂದರು. ಸದ್ದು ಬೆರೆತ ಮುದ್ರಿಕೆಗಳನ್ನು ಅಳಿಸದೆ ಇಟ್ಟುಕೊಂಡಿದ್ದೇನೆ. ಮರೆತ ಸಾಲುಗಳನ್ನು ನೆನಪಿಸಲು ಅವೇ ಬೇಕಾಗುತ್ತವೆ. ದೀಪಾವಳಿ ಕಳೆದ ಮೇಲೆ ಅವರು ಮತ್ತೆ ಬರುತ್ತಾರೆ. ಆಗ ಮಾಗಿ, ಸೀಲಿಂಗ್ ಫ್ಯಾನೂ ನಿಂತಿರುತ್ತದೆ.