ಅಜ್ಜಿಯ ಕಥೆ ಟೇಪಿನಲ್ಲಿ, ಚಿತ್ರ ಶಾಲೆಯ ನೋಟ್‌ಬುಕ್ಕಿನಲ್ಲಿ

ಪ್ಯಾಲೆಸ್ಟೀನಿನಲ್ಲಿ ಚಳಿಗಾಲದ ಸಂಜೆ ಕಥೆ ಹೇಳುವುದು ಅಜ್ಜಿಯರ ಕೆಲಸ. ಆ ಕಥೆಗೆ ಅಲ್ಲಿನವರು ‘ಹಿಕಾಯೆ’ ಎನ್ನುತ್ತಾರೆ. ಹೆಂಗಸರೂ ಮಕ್ಕಳೂ ಒಂದು ಮನೆಯಲ್ಲಿ ಸೇರುತ್ತಾರೆ. ಅಜ್ಜಿ ಬಾಯಿ ತೆರೆದರೆ ರಾಕ್ಷಸಿ ಬರುತ್ತಾಳೆ, ಮಾತಾಡುವ ಹಕ್ಕಿ ಬರುತ್ತದೆ, ಎಲ್ಲರಿಗಿಂತ ಜಾಣೆಯಾದ ಹುಡುಗಿ ಬರುತ್ತಾಳೆ. ನಡುವೆ ಮನೆಮಂದಿಯ ಜಗಳವೂ ನುಸುಳುತ್ತದೆ. ಎಪ್ಪತ್ತು ದಾಟಿದ ಹೆಂಗಸರಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ಹಿಕಾಯೆ ಹೇಳಲು ಬರುತ್ತದೆ ಎಂದು ಯುನೆಸ್ಕೊ ಸಂಸ್ಥೆ ಬರೆದಿಟ್ಟಿದೆ. ನನ್ನ ವಯಸ್ಸಿನವರಿಗೆ ಇಂಥ ಒಳ್ಳೆಯ ಹುದ್ದೆ ಉಂಟೆಂದು ಓದಿ ಸಂತೋಷವಾಯಿತು. ಗಂಡಸರು ಅಲ್ಲಿ ಬಂದು ಕೂರುವುದೇ ಅಪರೂಪವಂತೆ, ಅದೊಂದೇ ಬೇಸರ!

ಆದರೆ ಮಕ್ಕಳೇ, ಬಾಯಲ್ಲಿ ಮಾತ್ರ ಇರುವ ಕಥೆಗೆ ಒಂದು ಅಪಾಯವಿದೆ. ಹೇಳುವವರು ಹೋದರೆ ಕಥೆಯೂ ಹೋಯಿತು. ಇದನ್ನು ಮನಗಂಡವರು ಇಬ್ಬರು ವಿದ್ವಾಂಸರು, ಇಬ್ರಾಹಿಂ ಮುಹಾವಿ ಮತ್ತು ಷರೀಫ್ ಕನಾನಾ. 1978ರಿಂದ 1980ರವರೆಗೆ ಸುಮಾರು ಇನ್ನೂರು ಕಥೆಗಳು ಕ್ಯಾಸೆಟ್ಟಿನಲ್ಲಿ ದಾಖಲಾದವು. ಗಲಿಲಿ, ಪಶ್ಚಿಮ ದಂಡೆ, ಗಾಜಾ, ಮೂರೂ ಕಡೆಯ ಕಥೆಗಳು ಅದರಲ್ಲಿದ್ದವು. ಅವುಗಳಲ್ಲಿ 45 ಕಥೆಗಳನ್ನು ಆರಿಸಿ 1989ರಲ್ಲಿ ಇಂಗ್ಲಿಷ್ ಪುಸ್ತಕ ಮಾಡಿದರು. 2005ರಲ್ಲಿ ಯುನೆಸ್ಕೊ ಹಿಕಾಯೆಯನ್ನು ಮನುಕುಲದ ಪರಂಪರೆ ಎಂದು ಘೋಷಿಸಿತು.

ನಾನು ಬ್ಯಾಂಕಿನಲ್ಲಿದ್ದಾಗ ದಿನದ ಲೆಕ್ಕದ ಒಂದು ಪ್ರತಿ ಹೆಡ್ ಆಫೀಸಿಗೆ ಹೋಗುತ್ತಿತ್ತು. ಶಾಖೆಗೆ ಬೆಂಕಿ ಬಿದ್ದರೂ ಗ್ರಾಹಕರ ದುಡ್ಡು ಎಷ್ಟೆಂದು ಇನ್ನೊಂದು ಊರಿನ ಪುಸ್ತಕ ಹೇಳಬೇಕಲ್ಲ! ಗಾಜಾದ ವಿಷಯ ಓದುವಾಗ ನನಗೆ ಇದೇ ನೆನಪಾಗುತ್ತದೆ.

2023ರ ಅಕ್ಟೋಬರ್ 7ರಂದು ಹಮಾಸ್ ಇಸ್ರೇಲಿನ ಮೇಲೆ ದಾಳಿ ಮಾಡಿತು. ಅಲ್ಲಿ ಸುಮಾರು 1,200 ಜನ ಸತ್ತರು. ಆಮೇಲೆ ಇಸ್ರೇಲ್ ಗಾಜಾದ ಮೇಲೆ ನಡೆಸಿದ ಯುದ್ಧದಲ್ಲಿ ಹತ್ತಾರು ಸಾವಿರ ಜನ ಸತ್ತರು. ಮನೆ, ಶಾಲೆಗಳ ಜೊತೆಗೆ ಗ್ರಂಥಾಲಯ, ಚಿತ್ರಶಾಲೆಗಳೂ ನೆಲಕ್ಕೆ ಬಿದ್ದವು. ಆ ವರ್ಷದ ಡಿಸೆಂಬರಿನಲ್ಲಿ ಗಾಜಾ ನಗರದ ಪುರಾತನ ಒಮರಿ ಮಸೀದಿ ಹಾಳಾಯಿತು. ಅದರ ಗ್ರಂಥಾಲಯದಲ್ಲಿ ಶತಮಾನಗಳಷ್ಟು ಹಳೆಯ ಕೈಬರಹದ ಪುಸ್ತಕಗಳಿದ್ದವು. ಪುಣ್ಯಕ್ಕೆ, ಯುದ್ಧಕ್ಕೆ ಮುಂಚೆಯೇ ಬ್ರಿಟಿಷ್ ಲೈಬ್ರರಿಯ ಒಂದು ಯೋಜನೆಯಡಿ ಇನ್ನೂರಕ್ಕೂ ಹೆಚ್ಚು ಹಸ್ತಪ್ರತಿಗಳ ಫೋಟೊ ತೆಗೆದಾಗಿತ್ತು. ಆ ಪುಟಗಳನ್ನು ಈಗಲೂ ಓದಬಹುದು.

ಮನುಷ್ಯರಿಗೆ ಹಾಗೆ ಪ್ರತಿ ತೆಗೆಯಲಾಗುವುದಿಲ್ಲ. ರೆಫಾತ್ ಅಲರೀರ್ ಗಾಜಾದ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಸಾಹಿತ್ಯದ ಮೇಷ್ಟ್ರು. ‘ನಿಮ್ಮ ಕಥೆಯನ್ನು ನೀವೇ ಬರೆಯಿರಿ’ ಎಂದು ವಿದ್ಯಾರ್ಥಿಗಳ ಬೆನ್ನು ಹತ್ತಿದವರು ಅವರು. ಗಾಜಾದ ಎಳೆಯರು ಬರೆದ ಕಥೆಗಳನ್ನು ಸೇರಿಸಿ 2014ರಲ್ಲಿ ಒಂದು ಪುಸ್ತಕ ತಂದರು. ಅವರೇ ಬರೆದ ಒಂದು ಕವಿತೆಯಲ್ಲಿ ಬಿಳಿಯ ಗಾಳಿಪಟವೊಂದು ಬರುತ್ತದೆ. ಆಕಾಶ ನೋಡುವ ಮಗುವಿಗೆ ಅದು ಕಾಣಲೆಂದು ಕವಿಯ ಆಸೆ. 2023ರ ಡಿಸೆಂಬರ್ 6ರಂದು ವಾಯುದಾಳಿಯಲ್ಲಿ, ಮನೆಯ ಕೆಲವರೊಂದಿಗೆ, ಅವರು ತೀರಿಕೊಂಡರು. ಕವಿತೆ ಮಾತ್ರ ಎಷ್ಟೋ ಭಾಷೆಗಳಿಗೆ ಹೋಯಿತು. ದೂರದೂರದ ಊರುಗಳಲ್ಲಿ ಜನ ಬಿಳಿಯ ಗಾಳಿಪಟ ಹಿಡಿದು ಬೀದಿಗೆ ಬಂದರು.

ಇನ್ನು ಚಿತ್ರಕಾರರು. ಬಣ್ಣವಿಲ್ಲ, ಕ್ಯಾನ್ವಾಸಿಲ್ಲ, ಸ್ವಂತ ಮನೆಯೂ ಇಲ್ಲದಾಗ ಏನು ಮಾಡುವುದು? ರಾಯಿದ್ ಈಸಾ ಎಂಬುವರು ಖಾಲಿ ಔಷಧಿ ಪೊಟ್ಟಣಗಳನ್ನು ಬಿಡಿಸಿ ಅದರ ಮೇಲೆ ಬರೆದರು. ದಾಸವಾಳ, ದಾಳಿಂಬೆ, ಚಹಾ, ಇವೇ ಬಣ್ಣ. ಸೊಹೈಲ್ ಸಾಲಿಂ ಎಂಬುವರಿಗೆ ಸಿಕ್ಕಿದ್ದು ಶಾಲೆಯ ನೋಟ್‌ಬುಕ್, ವಿಶ್ವಸಂಸ್ಥೆಯವರು ನಿರಾಶ್ರಿತರ ಮಕ್ಕಳಿಗೆ ಹಂಚುವಂಥದ್ದು. ಒಂದು ಬಾಲ್‌ಪೆನ್ ಹಿಡಿದು, ತಾವು ಕಂಡ ಜನರನ್ನು ದಿನಚರಿಯಂತೆ ಚಿತ್ರಿಸುತ್ತ ಹೋದರು. ಮೊಮ್ಮಕ್ಕಳು ಗಣಿತದ ಪುಸ್ತಕದ ಹಿಂದಿನ ಪುಟದಲ್ಲಿ ಗೀಚಿದರೆ ನಾವು ಗದರುತ್ತೇವೆ, ಅಲ್ಲವೇ?

2024ರಲ್ಲಿ ಜೋರ್ಡಾನ್ ದೇಶದ ಅಮ್ಮಾನ್ ನಗರದಲ್ಲಿ, ದಾರತ್ ಅಲ್ ಫುನೂನ್ ಎಂಬ ಕಲಾಕೇಂದ್ರ ಈ ಇಬ್ಬರ ಮತ್ತು ಗಾಜಾದ ಇನ್ನಿಬ್ಬರು ಗೆಳೆಯರ ಚಿತ್ರಗಳನ್ನು ಪ್ರದರ್ಶನಕ್ಕಿಟ್ಟಿತು. ಔಷಧಿಯ ಪೊಟ್ಟಣ, ನೋಟ್‌ಬುಕ್ಕಿನ ಹಾಳೆಗಳ ಮೇಲಿನ ಆ ಚಿತ್ರಗಳನ್ನು ಜನ ಬಂದು ನೋಡಿದರು. ಬರೆದವರು ಆಗ ಗಾಜಾದಲ್ಲೇ ಇದ್ದರು.