ಕಪ್ಪೆರಾಯನ ಕಂಪನಿಗೆ ಬಂದ ಅತಿಥಿಗಳು

ಸ್ಯಾಮ್ ಎಂಬ ಹದ್ದಿಗೆ ಅವತ್ತು ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. ಹಂದಿ, ಕೋಳಿ, ಕರಡಿಗಳ ಮಂಗಾಟ ನೋಡಿ ನೋಡಿ ರೋಸಿಹೋಗಿದ್ದ ಈ ಸಂಸ್ಕೃತಿ ರಕ್ಷಕನಿಗೆ ಕೊನೆಗೂ ಶುಭದಿನ ಬಂದಿದೆ. ಬ್ಯಾಲೆ ಲೋಕದ ಮಹಾನುಭಾವ ರುಡಾಲ್ಫ್ ನುರೆಯೆವ್ ಇವತ್ತಿನ ಅತಿಥಿ. ಅಷ್ಟರಲ್ಲಿ ಮಾಮೂಲಿ ಬಟ್ಟೆ ತೊಟ್ಟ ಯಾರೋ ಒಬ್ಬರು ಒಳಗೆ ಕಾಲಿಡುತ್ತಾರೆ. ಇಂಥ ಬೀದಿ ಅಲೆಯುವವರಿಗೆ ಇಲ್ಲಿ ಜಾಗವಿಲ್ಲ ಎಂದು ಸ್ಯಾಮ್ ಅವರನ್ನು ಹೊರಗಟ್ಟುತ್ತಾನೆ. ಹೊರಬಿದ್ದವರೇ ನುರೆಯೆವ್.

ಆಮೇಲೆ ಆದದ್ದು ಇನ್ನೂ ಘೋರ. ಹಂಸಗಳ ಬದಲು ಆಳೆತ್ತರದ ಒಂದು ಹಂದಿ ಬ್ಯಾಲೆಗೆ ಜೋಡಿಯಾಗುತ್ತದೆ, ನುರೆಯೆವ್ ಅದನ್ನು ಎತ್ತಲು ಹೆಣಗುತ್ತಾರೆ. ಉಗಿಸ್ನಾನದ ಕೋಣೆಯಲ್ಲಿ ಟವೆಲ್ ಸುತ್ತಿಕೊಂಡು ಕೂತವರ ಪಕ್ಕಕ್ಕೆ ತಾನೂ ಟವೆಲ್ ಸುತ್ತಿಕೊಂಡ ಮಿಸ್ ಪಿಗ್ಗಿ ಎಂಬ ಇನ್ನೊಂದು ಹಂದಿ ಬಂದು ಒತ್ತಿ ಕೂರುತ್ತಾಳೆ. ಹೋಗಬೇಕು ಎಂದು ಅವರು, ಹೊರಗೆ ಚಳಿ ಎಂದು ಅವಳು, ಇಬ್ಬರೂ ಹಾಡಿಕೊಂಡೇ ಜಗ್ಗಾಡುತ್ತಾರೆ. 1961ರಲ್ಲಿ ಪ್ಯಾರಿಸ್ ವಿಮಾನ ನಿಲ್ದಾಣದಲ್ಲಿ ಸೋವಿಯತ್ ಕಾವಲುಗಾರರ ಕೈತಪ್ಪಿಸಿಕೊಂಡು ಇಡೀ ಜಗತ್ತಿನ ಸುದ್ದಿಯಾಗಿದ್ದ ನರ್ತಕ, ಬಟ್ಟೆ ಮತ್ತು ಸ್ಪಂಜಿನ ಹಂದಿಯೊಂದರಿಂದ ತಪ್ಪಿಸಿಕೊಳ್ಳಲು ಪಡುವ ಪಾಡು ಅದು.

'ದಿ ಮಪೆಟ್ ಶೋ' ಎಂಬ ಗೊಂಬೆಗಳ ಟಿವಿ ಕಾರ್ಯಕ್ರಮದ ಎರಡನೇ ಸರಣಿಯ ಈ ಕಂತು ಪ್ರಸಾರವಾಗುವವರೆಗೆ ಗೊಂಬೆಗಳ ಜೊತೆ ಕುಣಿಯಲು ದೊಡ್ಡ ತಾರೆಗಳು ಹಿಂದೆ ಮುಂದೆ ನೋಡುತ್ತಿದ್ದರು. ಆಮೇಲೆ ಸಾಲು ಹಚ್ಚಿದರು. ನುರೆಯೆವ್‌ಗೆ ಆಗದ ಅವಮಾನ ತಮಗೆ ಆಗಲು ಹೇಗೆ ಸಾಧ್ಯ ಎಂಬ ಧೈರ್ಯ ಎಲ್ಲರಿಗೂ ಬಂತು.

ಈ ಅತಿಥಿ ಎಂಬ ಏರ್ಪಾಡು ಹುಟ್ಟಿದ್ದು ಕಲೆಯ ಒತ್ತಾಯದಿಂದಲ್ಲ, ವ್ಯಾಪಾರದ ಒತ್ತಾಯದಿಂದ. ಕಲೆ ಆಮೇಲೆ ಅದರೊಳಗೆ ಹೊಕ್ಕಿತು.

ಈ ಗೊಂಬೆಗಳನ್ನು ಹುಟ್ಟಿಸಿದ ಜಿಮ್ ಹೆನ್ಸನ್ 1955ರಲ್ಲೇ ವಾಷಿಂಗ್ಟನ್ನಿನ ಒಂದು ಟಿವಿ ಸ್ಟೇಷನ್ನಿಗೆ ಐದು ನಿಮಿಷದ ಗೊಂಬೆಯಾಟ ಮಾಡುತ್ತಿದ್ದ ಹುಡುಗ. ಅಮ್ಮನ ಹಳೇ ಕೋಟಿನ ಬಟ್ಟೆ, ಎರಡು ಹೋಳು ಮಾಡಿದ ಪಿಂಗ್‌ಪಾಂಗ್ ಚೆಂಡು ಸೇರಿ ಕರ್ಮಿಟ್ ಕಪ್ಪೆ ಹುಟ್ಟಿದ್ದು ಆಗ. ಹೆನ್ಸನ್ ತಮಾಷೆ ಮೊದಲಿನಿಂದಲೂ ದೊಡ್ಡವರಿಗಾಗಿ ಇದ್ದದ್ದು. ಆದರೆ 1969ರಲ್ಲಿ 'ಸೆಸಮಿ ಸ್ಟ್ರೀಟ್' ಶುರುವಾಯಿತು, ಮಕ್ಕಳು ಅವರ ಗೊಂಬೆಗಳಿಗೆ ಮರುಳಾದರು, ಅಲ್ಲಿಗೆ ಹೆನ್ಸನ್ ಹಣೆಗೆ 'ಮಕ್ಕಳ ಮಾಮ' ಎಂಬ ಪಟ್ಟಿ ಅಂಟಿತು. ಯಶಸ್ಸು ಕಟ್ಟಿದ ಬೇಲಿ ಅದು, ದಾಟುವುದು ಕಷ್ಟ.

ದಾಟಲು ಅವರು ಎರಡು ಮಾದರಿ ಕಾರ್ಯಕ್ರಮ ಮಾಡಿ ಎಬಿಸಿ ಜಾಲಕ್ಕೆ ಕೊಟ್ಟರು. 1974ರ ಮೊದಲನೆಯದರಲ್ಲಿ ನಟಿ ಮಿಯಾ ಫ್ಯಾರೋ ಅತಿಥಿ. 1975ರ ಎರಡನೆಯದು ಹೆಚ್ಚುಕಡಿಮೆ ಗೊಂಬೆಗಳದ್ದೇ ರಾಜ್ಯ. ಎರಡೂ ಪ್ರಸಾರವಾದವು, ಯಾವುದೂ ಸರಣಿಯಾಗಲಿಲ್ಲ. ಸಿಬಿಎಸ್ ಜಾಲಕ್ಕೆ ತೋರಿಸಲು ಮಾಡಿದ ಒಂದು ಪುಟ್ಟ ಚಿತ್ರದಲ್ಲಂತೂ ಸೇಲ್ಸ್‌ಮನ್ ಗೊಂಬೆಯೊಂದು ಈ ಕಾರ್ಯಕ್ರಮವನ್ನು ಮಕ್ಕಳಿಂದ ಬುದ್ಧಿಜೀವಿಗಳವರೆಗೆ ಎಲ್ಲರೂ ಹೇಗೆ ನೋಡುತ್ತಾರೆ ಎಂದು ಗಂಟಲು ಹರಿಯುವಂತೆ ಕೂಗಿ, ಉಸಿರು ಕಟ್ಟಿ, ದೇಶಭಕ್ತಿಯ ಮಟ್ಟಕ್ಕೆ ಏರುತ್ತದೆ. ಕೊನೆಗೆ ಕರ್ಮಿಟ್ ಬಂದು ಇದೆಲ್ಲ ಏನು ಎಂದು ಬೆಪ್ಪಾಗುತ್ತಾನೆ. ಟಿವಿ ವ್ಯಾಪಾರವನ್ನು ಇದಕ್ಕಿಂತ ಚೆನ್ನಾಗಿ ಗೇಲಿ ಮಾಡಿದ ಅರ್ಜಿ ನಾನಂತೂ ನೋಡಿಲ್ಲ. ಅರ್ಜಿ ತಿರಸ್ಕೃತವಾಯಿತು. ಸಂಜೆಯ ಹೊತ್ತು ದೊಡ್ಡವರು ಗೊಂಬೆ ನೋಡುತ್ತಾರೆಯೇ ಎಂಬುದೇ ಎಲ್ಲರ ಪ್ರಶ್ನೆ.

ಕೈಹಿಡಿದದ್ದು ಲಂಡನ್ನಿನ ಲ್ಯೂ ಗ್ರೇಡ್. ಉಕ್ರೇನಿನಲ್ಲಿ ಹುಟ್ಟಿ, 1926ರಲ್ಲಿ ಚಾರ್ಲ್‌ಸ್ಟನ್ ನೃತ್ಯದ ವಿಶ್ವ ಚಾಂಪಿಯನ್ ಆಗಿ, ಕಲಾವಿದರ ಏಜೆಂಟಾಗಿ, ಆಮೇಲೆ ಎಟಿವಿ ಎಂಬ ಟಿವಿ ಸಂಸ್ಥೆಯ ದೊರೆಯಾದ, ದಪ್ಪ ಸಿಗಾರಿನ ಆಸಾಮಿ. 1973ರಲ್ಲಿ ಜೂಲಿ ಆಂಡ್ರ್ಯೂಸ್ ಕಾರ್ಯಕ್ರಮವೊಂದಕ್ಕೆ ಹೆನ್ಸನ್ ಗೊಂಬೆಗಳು ಅವರ ಸಂಸ್ಥೆಗೆ ಬಂದುಹೋಗಿದ್ದವು. ಗ್ರೇಡ್ ಕಣ್ಣಿಗೆ ಇವು ಮಕ್ಕಳ ಆಟಿಕೆಯಾಗಿ ಕಾಣಲಿಲ್ಲ, ವೆರೈಟಿ ಕಲಾವಿದರಾಗಿಯೇ ಕಂಡವು. ಎಲ್‌ಸ್ಟ್ರೀ ಸ್ಟುಡಿಯೊದಲ್ಲಿ ವರ್ಷಕ್ಕೆ 24 ಕಂತು ಮಾಡಿ, ಮಾರುವ ಚಿಂತೆ ನನಗಿರಲಿ ಎಂದರು.

ಮಾರುವ ದಾರಿಯೂ ತೆರೆದಿತ್ತು. 1971ರಿಂದ ಅಮೆರಿಕದಲ್ಲಿ ಜಾರಿಗೆ ಬಂದ ನಿಯಮವೊಂದು ದೊಡ್ಡ ಜಾಲಗಳನ್ನು ಸಂಜೆ ಮೂರೇ ಗಂಟೆಗಳ ಪ್ರಸಾರಕ್ಕೆ ಕಟ್ಟಿಹಾಕಿತ್ತು. ಏಳೂವರೆಯ ಅರ್ಧ ಗಂಟೆಯನ್ನು ಸ್ಥಳೀಯ ಸ್ಟೇಷನ್‌ಗಳು ತಾವೇ ತುಂಬಿಕೊಳ್ಳಬೇಕು. ಸಿಬಿಎಸ್ ಜಾಲ ಒಲ್ಲೆನೆಂದದ್ದನ್ನು ಸಿಬಿಎಸ್ ಒಡೆತನದ್ದೇ ಸ್ಟೇಷನ್‌ಗಳು ಕೊಂಡವು. ಆದರೆ ಊರೂರಿಗೆ, ಸ್ಟೇಷನ್ ಸ್ಟೇಷನ್ನಿಗೆ ಮಾರುವ ಸರಕಿನ ಮೇಲೆ ಗಿರಾಕಿಗೆ ಗೊತ್ತಿರುವ ಹೆಸರೊಂದು ಬೇಕಲ್ಲ? ಕಪ್ಪೆಯ ಹೆಸರು ಸಾಲದು. ವಾರಕ್ಕೊಬ್ಬ ಮನುಷ್ಯ ಬೇಕು, ಅದೂ ಹೆಸರಿರುವ ಮನುಷ್ಯ. ನಮ್ಮ ವೃತ್ತಿನಾಟಕದ ಕಂಪನಿಗಳು ಕ್ಯಾಂಪ್ ಹೂಡಿದ ಊರಲ್ಲಿ ಗಲ್ಲಾ ತುಂಬಲು ಸಿನಿಮಾ ನಟರನ್ನು ಒಂದು ರಾತ್ರಿಗೆ ಕರೆಸುತ್ತಿದ್ದ ಲೆಕ್ಕಾಚಾರವೇ ಇದು.

1976ರಲ್ಲಿ ಶುರುವಾದ ಮೊದಲ ಸರಣಿಗೆ ಬಂದವರಲ್ಲಿ ಅನೇಕರು ಹೆನ್ಸನ್ ಅವರ ಏಜೆಂಟ್ ಬರ್ನಿ ಬ್ರಿಲ್‌ಸ್ಟೈನ್ ದಾಕ್ಷಿಣ್ಯಕ್ಕೆ ಕಟ್ಟುಬಿದ್ದವರು. ನರ್ತಕಿ ಜೂಲಿಯೆಟ್ ಪ್ರೌಸ್, ಕಾನಿ ಸ್ಟೀವನ್ಸ್, ಜಿಮ್ ನೇಬರ್ಸ್. ಕೆಲವು ಕಂತುಗಳಲ್ಲಿ ಅತಿಥಿ ಬಂದು ಹಾಡಿ, ಗೊಂಬೆಯೊಂದರ ಜೊತೆ ನಾಲ್ಕು ಮಾತಾಡಿ ಹೋಗುತ್ತಾರೆ, ಅಷ್ಟೆ. ಅವರ ಜಾಗದಲ್ಲಿ ಇನ್ನೊಬ್ಬರಿದ್ದರೂ ನಡೆಯುತ್ತಿತ್ತು.

ನಟಿ ರೀಟಾ ಮೊರೆನೊ ಕಂತಿನಲ್ಲಿ ಹಾಗೆ ಹೇಳುವಂತಿಲ್ಲ. ಆಕೆ ಬೆರಳು ಚಿಟಿಕೆ ಹಾಕುತ್ತಾ ಮೆಲ್ಲಗೆ, ಮಾದಕವಾಗಿ ಹಾಡತೊಡಗುತ್ತಾರೆ. ಹಿಂದೆ ಡ್ರಮ್ ಮುಂದೆ ಕೂತ ಆ್ಯನಿಮಲ್, ಕೆಂಗೂದಲಿನ ರಾಕ್ಷಸಶಿಶು, ಸಾಲು ಸಾಲಿನ ನಡುವೆ ಧಡಾರ್ ಎಂದು ಬಾರಿಸುತ್ತಾನೆ. ಆಕೆ ನಿಲ್ಲಿಸಿ, ತಿರುಗಿ ನೋಡಿ, ಸ್ಪ್ಯಾನಿಷಿನಲ್ಲಿ ಗದರಿಸಿ ಮತ್ತೆ ಅದೇ ನಯದಲ್ಲಿ ಹಾಡಿಗೆ ಬರುತ್ತಾರೆ. ಅವನು ಮತ್ತೆ ಧಡಾರ್. ಕೊನೆಗೆ ಆಕೆ ಎರಡು ತಾಳ ಎತ್ತಿಕೊಂಡು ಅವನ ತಲೆಯನ್ನೇ ನಡುವೆ ಇಟ್ಟು ಬಡಿಯುತ್ತಾರೆ. ಪೆಟ್ಟು ತಿಂದ ಆ್ಯನಿಮಲ್ ಮನಸೋತುಬಿಡುತ್ತಾನೆ. ಒಂದು ಗೊಂಬೆಯ ಹಿಂದೆ ಎಷ್ಟು ಜನ ಎಂದು ಇಲ್ಲಿ ನೋಡಬೇಕು. ಕೈ ಮತ್ತು ಗಂಟಲು ಫ್ರ್ಯಾಂಕ್ ಆಜ್ ಅವರದು, ಡ್ರಮ್ಮಿನ ಪೆಟ್ಟು ರಾನಿ ವೆರೆಲ್ ಅವರದು. ಇವರಿಬ್ಬರ ನಡುವೆ ತಾಳ ತಪ್ಪದೆ ತಾಳ್ಮೆ ತಪ್ಪಿದವಳಂತೆ ನಟಿಸುವುದು ಮೊರೆನೊ ಕೆಲಸ. 1977ರಲ್ಲಿ ಅವರಿಗೆ ಎಮ್ಮಿ ಬಂತು. ಆಸ್ಕರ್, ಟೋನಿ, ಗ್ರ್ಯಾಮಿ ಆಗಲೇ ಮನೆಯಲ್ಲಿದ್ದವು. ನಾಲ್ಕನ್ನೂ ಪಡೆದ ಬೆರಳೆಣಿಕೆಯ ಜನರ ಸಾಲಿಗೆ ಆಕೆಯನ್ನು ಸೇರಿಸಿದ್ದು ಹೀಗೆ ಒಂದು ಗೊಂಬೆಯ ತಲೆ.

ಇಲ್ಲಿಂದ ಬರಹಗಾರರ ತಂಡಕ್ಕೆ ದಾರಿ ಹೊಳೆಯಿತು ಎಂದು ನನಗೆ ಅನಿಸುತ್ತದೆ. ಎರಡನೇ ಸರಣಿಯಿಂದ ಜೆರ್ರಿ ಜೂಲ್ ಮುಖ್ಯ ಬರಹಗಾರರಾದರು. ಬರುವವರ ಕೀರ್ತಿಯಲ್ಲಿ ಯಾವ ಎಳೆ ಹಿಡಿದು ಜಗ್ಗಿದರೆ ಅದು ಬಿಚ್ಚಿಕೊಳ್ಳುತ್ತದೆ ಎಂದು ಹುಡುಕುವುದೇ ಕಸುಬಾಯಿತು. ಹಾಸ್ಯನಟ ಜಾನ್ ಕ್ಲೀಸ್ ಅತಿಥಿಯಾಗಿ ಬಂದೂ ಈ ಗೊಂಬೆಗಳ ಸಹವಾಸ ಬೇಡವೆಂದು ಸಿಡುಕುತ್ತಾರೆ. ವೇಷ ಬದಲಿಸುವುದರಲ್ಲೇ ಬದುಕಿದ ಪೀಟರ್ ಸೆಲರ್ಸ್‌ಗೆ ಕರ್ಮಿಟ್ 'ಇಲ್ಲಿ ನೀವು ನೀವಾಗಿಯೇ ಇರಿ' ಎಂದು ಉಪಚಾರ ಹೇಳಿದರೆ, ಆ 'ತಾನು' ಎಂಬುದನ್ನು ಆಪರೇಷನ್ ಮಾಡಿಸಿ ತೆಗೆಸಿಹಾಕಿದ್ದೇನೆ ಎಂಬರ್ಥದ ಉತ್ತರ ಬರುತ್ತದೆ. ನಗಬೇಕೋ ಬೇಡವೋ ತಿಳಿಯದ ಗಳಿಗೆ ಅದು. ಮಾರ್ಕ್ ಹ್ಯಾಮಿಲ್ ತಮ್ಮ 'ಸ್ಟಾರ್ ವಾರ್ಸ್' ಪಟಾಲಂ ಜೊತೆ ನುಗ್ಗಿದಾಗ, ಬಾಯಿ ಮುಕ್ಕಳಿಸಿಕೊಂಡೇ ಗರ್ಶ್‌ವಿನ್ ಸಂಗೀತ ಹಾಡಬೇಕಿದ್ದ ಕಲಾವಿದನೊಬ್ಬನ ಸರದಿ ತಪ್ಪಿಹೋಗುತ್ತದೆ. ಅಹಮದ್‌ನಗರದಲ್ಲಿ ಹುಟ್ಟಿದ ಹಾಸ್ಯಗಾರ ಸ್ಪೈಕ್ ಮಿಲಿಗನ್ ಬಂದಾಗಲಂತೂ ಗೊಂಬೆಗಳೇ ಶಿಸ್ತಿನವರಂತೆ ಕಂಡವು.

ಈ ಹುಚ್ಚಾಟ ನಂಬುವಂತಾಗಲು ಮರಗೆಲಸದ ಪಾಲೂ ಇದೆ. ಇಡೀ ಸೆಟ್ಟನ್ನು ನೆಲದಿಂದ ಎತ್ತರಿಸಿ ಕಟ್ಟುತ್ತಿದ್ದರು. ಗೊಂಬೆಯಾಡಿಸುವವರು ಕೆಳಗೆ ನಿಂತು, ತೋಳನ್ನು ತಲೆಯ ಮೇಲೆತ್ತಿ, ಕಾಲಬಳಿಯ ಪುಟ್ಟ ಮಾನಿಟರ್ ನೋಡುತ್ತಾ ಆಡಿಸಬೇಕು. ಅದು ಕನ್ನಡಿಯಲ್ಲ, ಕ್ಯಾಮೆರಾ ಕಂಡದ್ದು. ಹೀಗಾಗಿ ಗೊಂಬೆಯನ್ನು ಎಡಕ್ಕೆ ಸರಿಸಿದರೆ ಪರದೆಯಲ್ಲಿ ಬಲಕ್ಕೆ ಹೋಗುತ್ತದೆ. ಅತಿಥಿ ಮಾತ್ರ ಮೇಲೆ, ಹಲಗೆಗಳ ಮೇಲೆ. ಅವರ ಕಣ್ಣಿಗೆ ಬೀಳುವುದು ಗೊಂಬೆಯ ಮುಖವೊಂದೇ. ಚಿತ್ರೀಕರಣ ನಿಂತಾಗಲೂ ಅತಿಥಿಗಳು ಕರ್ಮಿಟ್ ಜೊತೆಗೇ ಮಾತಾಡುತ್ತಿದ್ದರು, ಕೆಳಗಿದ್ದ ಹೆನ್ಸನ್ ಜೊತೆಯಲ್ಲ.

ಮೂರನೇ ಸರಣಿಯ, ಗಾಯಕ ಹ್ಯಾರಿ ಬೆಲಫಾಂಟೆ ಕಂತು ಬೇರೆಯದೇ ತೂಕದ್ದು. ಆ್ಯನಿಮಲ್ ಜೊತೆ ಡ್ರಮ್ ಜುಗಲ್‌ಬಂದಿ ಅದರಲ್ಲೂ ಇದೆ. ಆದರೆ ಕೊನೆಯ ಹಾಡಿಗೆ ಬೆಲಫಾಂಟೆ ಆಫ್ರಿಕದ ಮುಖವಾಡಗಳ ಗೊಂಬೆಗಳನ್ನು ಬಯಸಿದರು. ಯಾರ ನಂಬಿಕೆಗೂ ನೋವಾಗಬಾರದೆಂದು ತಂಡ ಮುಖವಾಡ ಸಂಪ್ರದಾಯಗಳನ್ನು ಓದಿ ತಿಳಿದು, ಯಾವುದನ್ನೂ ನಕಲು ಮಾಡದೆ ಹೊಸದಾಗಿ ಕೆತ್ತಿತು. ಅಂದಿನ ಅಮೆರಿಕದ ಟಿವಿಯಲ್ಲಿ ಆಫ್ರಿಕ ಎಂದರೆ ಕಾಡು, ಸಿಂಹ, ಇಲ್ಲವೇ ಹಸಿವು. ಆ ಹೊತ್ತಿನಲ್ಲಿ ಹಂದಿ ಕಪ್ಪೆಗಳ ಕಾರ್ಯಕ್ರಮ ತೋರಿಸಿದ ಈ ಮರ್ಯಾದೆ ಗಂಭೀರ ಕಾರ್ಯಕ್ರಮಗಳಿಗೆ ಸಾಧ್ಯವಾಗಿರಲಿಲ್ಲ. 1990ರ ಮೇ ತಿಂಗಳಲ್ಲಿ, 53ನೇ ವಯಸ್ಸಿಗೆ ತೀರಿಕೊಂಡ ಹೆನ್ಸನ್ ಅವರ ಸ್ಮರಣೆಗೆ ನ್ಯೂಯಾರ್ಕಿನ ಚರ್ಚಿನಲ್ಲಿ ಜನ ಸೇರಿದಾಗ ಬೆಲಫಾಂಟೆ ಹಾಡಿದ್ದು ಇದೇ ಹಾಡನ್ನು.

ಕೈಕೊಟ್ಟವರೂ ಇದ್ದರು. ಕೊನೆಯ ಸರಣಿಯಲ್ಲಿ ಹಾಸ್ಯಗಾರ ರಿಚರ್ಡ್ ಪ್ರಯರ್ ಬರಲಾಗದೆ ಹೋದಾಗ ಬರಹಗಾರರ ತಂಡದವರೊಬ್ಬರನ್ನೇ ರಂಗದ ಮೇಲೆ ನೂಕಿ ಕಂತು ಮುಗಿಸಿದರು. 1981ರಲ್ಲಿ, 120 ಕಂತಿನ ನಂತರ, ಹೆನ್ಸನ್ ತಾವಾಗಿಯೇ ಅಂಗಡಿ ಮುಚ್ಚಿ ಸಿನಿಮಾ ಕಡೆ ಹೊರಟರು.

ಅದನ್ನು ಮತ್ತೆ ತೆರೆಯುವ ಯತ್ನ 1996ರಲ್ಲಿ ಆಯಿತು, 2015ರಲ್ಲಿ ಆಯಿತು. ಎರಡೂ ಹೆಚ್ಚು ಕಾಲ ಬಾಳಲಿಲ್ಲ. 2015ರದ್ದನ್ನು ನೋಡಿದರೆ ಒಂದು ಕಾರಣ ಕಾಣುತ್ತದೆ. ಅಲ್ಲಿ ತಾರೆಗಳು ತಾರೆಗಳಾಗಿಯೇ ಬಂದು, 'ನೋಡಿ, ನಾನೂ ಗೊಂಬೆ ಜೊತೆ' ಎಂದು ಕಣ್ಣು ಮಿಟುಕಿಸಿ ಹೋಗುತ್ತಾರೆ. ಇದಕ್ಕೆ ವಿರುದ್ಧ ಉದಾಹರಣೆ ಬೇಕಿದ್ದರೆ 1992ರ 'ದಿ ಮಪೆಟ್ ಕ್ರಿಸ್ಮಸ್ ಕ್ಯಾರಲ್' ಚಿತ್ರದ ಮೈಕೆಲ್ ಕೇನ್ ಇದ್ದಾರೆ. ಸುತ್ತ ಇಲಿ, ಕಪ್ಪೆ, ಹಂದಿ. ನಡುವೆ ಆತ ಷೇಕ್ಸ್‌ಪಿಯರ್ ನಾಟಕಕ್ಕೆ ನಿಂತವರಂತೆ ಒಂದಿಷ್ಟೂ ನಗದೆ ನಟಿಸಿದ್ದಾರೆ. ಗೊಂಬೆ ಬದುಕುವುದು ಆ ಗಾಂಭೀರ್ಯದ ಪಕ್ಕದಲ್ಲಿ.

2021ರಲ್ಲಿ ಹಳೆಯ ಕಂತುಗಳು ಡಿಸ್ನಿ ಪ್ಲಸ್‌ಗೆ ಬಂದವು. ಅವನ್ನು ಸಾಲಾಗಿ ನೋಡುವವರಿಗೆ ಆಡದೆ ಇರಲಾಗದ ಆಟವೊಂದಿದೆ: ಬಾರದೇ ಹೋದ ಯಾರನ್ನು ಕರೆಯಬಹುದಿತ್ತು? ದೊಡ್ಡ ಹೆಸರು ಹೇಳಿದರೆ ಆಟ ಮುಗಿಯದು. ಅವರು ಬಂದರೆ ಹಿಂಬದಿಯಲ್ಲಿ ಯಾವ ಗೊಂಬೆಗೆ ಯಾವ ಸಂಕಟ ಎಂದೂ ಹೇಳಬೇಕು. ಗಾಯಕ ಡೇವಿಡ್ ಬೋವಿ ಎಂದು ಥಟ್ಟನೆ ಹೊಳೆಯುತ್ತದೆ. ಆದರೆ ಅವರನ್ನು ಹೆನ್ಸನ್ 1986ರ 'ಲ್ಯಾಬಿರಿಂತ್' ಚಿತ್ರದಲ್ಲಿ ತುಂಟ ಭೂತಗಳ ರಾಜನನ್ನಾಗಿ ಮಾಡಿ ಆ ಬಾಕಿ ತೀರಿಸಿದ್ದಾರೆ. ಕನ್ನಡಿಗನಾಗಿ ನನಗೆ ಮಾಸ್ಟರ್ ಹಿರಣ್ಣಯ್ಯ ನೆನಪಾಗುತ್ತಾರೆ. ಬಾಲ್ಕನಿಯಲ್ಲಿ ಕೂತು ಎಲ್ಲರನ್ನೂ ಹಂಗಿಸುವ ಸ್ಟ್ಯಾಟ್ಲರ್, ವಾಲ್ಡಾರ್ಫ್ ಎಂಬ ಮುದುಕರು ಬಾಯಿ ತೆರೆಯಲು ಹಿರಣ್ಣಯ್ಯ ಬಿಡುತ್ತಿರಲಿಲ್ಲ. ಸಮಸ್ಯೆ ಎಂದರೆ ಕಂತು 25 ನಿಮಿಷಕ್ಕೆ ಮುಗಿಯುತ್ತಿರಲಿಲ್ಲ.

ನಿಜಕ್ಕೂ ಕೈಗೆಟುಕುವಷ್ಟು ಹತ್ತಿರವಿದ್ದ ಹೆಸರು ಮಾತ್ರ ಇನ್ನೊಂದು. ಐದನೇ ಸರಣಿಯಲ್ಲಿ ಜಾಝ್ ಡ್ರಮ್ಮರ್ ಬಡ್ಡಿ ರಿಚ್ ಬಂದು ಆ್ಯನಿಮಲ್ ಜೊತೆ ಸ್ಪರ್ಧೆಗಿಳಿದರು. ಅದೇ ಬಡ್ಡಿ ರಿಚ್ 1968ರಲ್ಲಿ ತಬಲಾ ಮಾಂತ್ರಿಕ ಅಲ್ಲಾ ರಖಾ ಜೊತೆ ಒಂದು ಆಲ್ಬಂ ಮಾಡಿದ್ದರು. ಅಲ್ಲಾ ರಖಾ ಅಂತೂ ರವಿಶಂಕರ್ ಜೊತೆ ಅಮೆರಿಕ, ಬ್ರಿಟನ್ ಸುತ್ತಿದವರು. ಕರ್ಮಿಟ್ ಒಂದು ಕಾಗದ ಬರೆದಿದ್ದರೆ ಸಾಕಿತ್ತು.

1971ರ ಬಾಂಗ್ಲಾದೇಶ ನೆರವಿನ ಕಛೇರಿಯಲ್ಲಿ ಶ್ರುತಿ ಮಾಡಿದ್ದಕ್ಕೇ ಸಭೆ ಚಪ್ಪಾಳೆ ತಟ್ಟಿತ್ತು, ರವಿಶಂಕರ್ ಅದನ್ನು ನಯವಾಗಿ ಚುಚ್ಚಿದ್ದರು. ನನ್ನ ಕಂತು ಅಲ್ಲಿಂದಲೇ ಶುರು. ಅಲ್ಲಾ ರಖಾ ಸಾಹೇಬರು ಸುತ್ತಿಗೆ ಹಿಡಿದು ತಬಲಾ ಶ್ರುತಿ ಮಾಡುತ್ತಿದ್ದಾರೆ. ಸುತ್ತಿಗೆ ಕಂಡ ಆ್ಯನಿಮಲ್‌ಗೆ ಮೈಮೇಲೆ ಬಂದು ತನ್ನ ಡ್ರಮ್ಮುಗಳನ್ನು ಪುಡಿಮಾಡುತ್ತಾನೆ. ಸಾಹೇಬರು ತಲೆಯೆತ್ತುವುದಿಲ್ಲ. ಬಾಯಲ್ಲಿ ಬೋಲ್ ಹೇಳುತ್ತಾರೆ, ಹೇಳಿದ್ದನ್ನು ಬೆರಳಲ್ಲಿ ನುಡಿಸುತ್ತಾರೆ, ನಿನ್ನ ಸರದಿ ಎಂದು ನೋಡುತ್ತಾರೆ. ಆ್ಯನಿಮಲ್ ಬಾಯಲ್ಲಿ ಎರಡು ಮಾತ್ರೆ ಹೇಳಿ, ಮೂರನೆಯದಕ್ಕೆ ತಬಲಾವನ್ನೇ ಕಚ್ಚುತ್ತಾನೆ. ಬಾಲ್ಕನಿಯಲ್ಲಿ ಸ್ಟ್ಯಾಟ್ಲರ್ ಜೋರಾಗಿ ಚಪ್ಪಾಳೆ ತಟ್ಟುತ್ತಾನೆ. ಕಛೇರಿ ಇಷ್ಟವಾಯಿತೇ ಎಂದು ವಾಲ್ಡಾರ್ಫ್ ಕೇಳಿದರೆ, 'ಶ್ರುತಿ ಮಾಡಿದ್ದು ಚೆನ್ನಾಗಿತ್ತು' ಎನ್ನುತ್ತಾನೆ.