ನಿಮಗಿದು ಗೊತ್ತೇ? ಹಳೇ ಲ್ಯಾಪ್‌ಟಾಪಿಗೆ ಇನ್ನೊಂದು ಆಯುಸ್ಸು

• ವಿಂಡೋಸಿನಂತೆ ಕಂಪ್ಯೂಟರ್ ನಡೆಸುವ ತಂತ್ರಾಂಶ ಲಿನಕ್ಸ್ ನಿಮ್ಮ ಮನೆ ಹೊಕ್ಕು ವರ್ಷಗಳೇ ಆದವು! ಆಂಡ್ರಾಯ್ಡ್ ಫೋನಿನ ಕರ್ನಲ್, ಅಂದರೆ ತಿರುಳು, ಲಿನಕ್ಸೇ. ಅಜ್ಜಿ ಯೂಟ್ಯೂಬಿನಲ್ಲಿ ಹರಿಕಥೆ ಕೇಳುತ್ತಿರುವುದೂ ಅದರ ಮೇಲೆಯೇ.

• 1991ರಲ್ಲಿ ಲಿನಕ್ಸನ್ನು ಬರೆಯತೊಡಗಿದಾಗ ಲಿನಸ್ ಟೊರ್ವಾಲ್ಡ್ಸ್ 21ರ ಹುಡುಗ, ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ. ಇದು ಬರೀ ಹವ್ಯಾಸ ಎಂದೇ ಆತ ಹೇಳಿಕೊಂಡಿದ್ದ. 2017ರ ನವೆಂಬರ್ ಹೊತ್ತಿಗೆ ಜಗತ್ತಿನ ಅತಿ ವೇಗದ 500 ಸೂಪರ್‌ಕಂಪ್ಯೂಟರುಗಳೂ ಲಿನಕ್ಸಿನಲ್ಲೇ ಓಡುತ್ತಿದ್ದವು.

• ಲಿನಕ್ಸಿನ ಒಂದು ರೂಪ ಉಬುಂಟು. ಉಬುಂಟು 24.04 ಎಂದರೆ 2024ರ 4ನೇ ತಿಂಗಳು ಬಂದದ್ದು. ಹೆಸರಲ್ಲೇ ಜನ್ಮದಿನ!

• ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಬೇಕೆಂದರೆ ಯಂತ್ರದಲ್ಲಿ ಟಿಪಿಎಂ 2.0 ಎಂಬ ಭದ್ರತಾ ಘಟಕ ಇರಬೇಕು. ಇಲ್ಲದ ಲ್ಯಾಪ್‌ಟಾಪನ್ನು ದಯವಿಟ್ಟು ಗುಜರಿಗೆ ಹಾಕಬೇಡಿ. ಲಿನಕ್ಸಿನ ಇನ್ನೊಂದು ರೂಪವಾದ ಲಿನಕ್ಸ್ ಮಿಂಟ್‌ಗೆ 2 ಜಿಬಿ ರ್‍ಯಾಮ್ ಸಾಕು, 4 ಇದ್ದರೆ ಆರಾಮ. ಬ್ಯಾಂಕು, ಮೇಲ್, ಸಿನಿಮಾ, ಮಕ್ಕಳ ಆನ್‌ಲೈನ್ ಪಾಠ ಎಲ್ಲವೂ ಬ್ರೌಸರಿನೊಳಗೇ ನಡೆಯುವ ಮನೆಗೆ ಅದು ಧಾರಾಳವಾಗಿ ಸಾಕಾಗುತ್ತದೆ.

• ಕನ್ನಡ ಟೈಪಿಂಗ್? ಚಿಂತೆ ಬೇಡ. ಇನ್‌ಸ್ಕ್ರಿಪ್ಟ್ ಅಷ್ಟೇ ಅಲ್ಲ, ನುಡಿ ತಂತ್ರಾಂಶ ಬಳಸಿದವರ ಬೆರಳಿಗೆ ರೂಢಿಯಾದ ಕೆಜಿಪಿ ಕೀಲಿಮಣೆ ವಿನ್ಯಾಸವೂ ಐಬಸ್ ಎಂಬ ಟೈಪಿಂಗ್ ಸಲಕರಣೆಯ ಮೂಲಕ ಸಿಗುತ್ತದೆ. ತೊಡಕಿರುವುದು ಹಳೆಯ ನುಡಿ, ಬರಹ ಕಡತಗಳಲ್ಲಿ. ಅವು ಯೂನಿಕೋಡ್‌ಗೆ ಮುಂಚಿನ ಫಾಂಟುಗಳಲ್ಲಿದ್ದರೆ ಅಕ್ಷರಗಳ ಬದಲು ಏನೇನೋ ಗುರುತು ಕಾಣುತ್ತದೆ. ಅದು ಲಿನಕ್ಸಿನ ತಪ್ಪಲ್ಲ. ಆ ಫಾಂಟು ಇಲ್ಲದ ವಿಂಡೋಸಿನಲ್ಲೂ ಅದೇ ಗತಿ. ಯೂನಿಕೋಡ್‌ಗೆ ಪರಿವರ್ತಿಸಿಕೊಂಡರೆ ಆ ಬರಹಗಳು ಮತ್ತೆ ಜೀವ ತಳೆಯುತ್ತವೆ. ಅಪ್ಪ ಟೈಪಿಸಿಟ್ಟ ಲೇಖನಗಳಿದ್ದರೆ ಈ ಕೆಲಸ ಇವತ್ತೇ ಮಾಡಿ.

• ಕೇರಳದ ಸರ್ಕಾರಿ ಶಾಲೆಗಳ ಮಕ್ಕಳು ಕಂಪ್ಯೂಟರ್ ಪಾಠ ಕಲಿಯುವುದು ಲಿನಕ್ಸಿನಲ್ಲೇ. ಮಕ್ಕಳಿಗೆ ಒಗ್ಗಿದ್ದು ನಮಗೆ ಒಗ್ಗದೇ?

• ಹಾಗೆಂದು ಲಿನಕ್ಸ್ ಎಲ್ಲರಿಗೂ ಹೊಂದುತ್ತದೆ ಎನ್ನಲಾರೆ. ನಮ್ಮ ಬೆಂಗಳೂರಿನದೇ ಆದ ಲೆಕ್ಕಪತ್ರ ತಂತ್ರಾಂಶ ಟ್ಯಾಲಿ ತಯಾರಾಗುವುದು ವಿಂಡೋಸ್‌ಗಾಗಿ. ಅಂಗಡಿ ಲೆಕ್ಕ ಅದರಲ್ಲಿದ್ದರೆ ಆ ಯಂತ್ರವನ್ನು ಮುಟ್ಟಬೇಡಿ. ಅಡೋಬಿ ಫೋಟೋಶಾಪ್‌ಗೂ ಲಿನಕ್ಸ್ ಆವೃತ್ತಿಯಿಲ್ಲ. ವರ್ಡ್ ಕಡತ ಲಿನಕ್ಸಿನಲ್ಲಿ ಸಿಗುವ ಲಿಬ್ರೆ ಆಫೀಸಿನಲ್ಲಿ ತೆರೆಯುತ್ತದೆ, ಆದರೆ ಕೋಷ್ಟಕ, ಅಂಚುಗಳು ಒಮ್ಮೊಮ್ಮೆ ಅತ್ತಿತ್ತ ಸರಿಯುತ್ತವೆ. ದೊಡ್ಡವರೂ ಹಿಂದೆ ಸರಿದದ್ದುಂಟು: ಜರ್ಮನಿಯ ಮ್ಯೂನಿಕ್ ನಗರಾಡಳಿತ ಸುಮಾರು 15,000 ಕಂಪ್ಯೂಟರುಗಳನ್ನು ಲಿನಕ್ಸಿಗೆ ಒಗ್ಗಿಸಿತು. ಆದರೂ 2017ರಲ್ಲಿ ವಿಂಡೋಸ್‌ಗೆ ಮರಳಲು ತೀರ್ಮಾನಿಸಿತು.

• ಇನ್‌ಸ್ಟಾಲ್ ಮಾಡದೆಯೇ ಪರೀಕ್ಷಿಸಬಹುದು! ಮಿಂಟ್ ಅಥವಾ ಉಬುಂಟುವನ್ನು ಪೆನ್‌ಡ್ರೈವಿಗೆ ಹಾಕಿ, ಅದರಿಂದಲೇ ಕಂಪ್ಯೂಟರ್ ಶುರುಮಾಡಿ. ಒಳಗಿನ ವಿಂಡೋಸ್ ಇದ್ದ ಹಾಗೇ ಇರುತ್ತದೆ. ವೈಫೈ ಹಿಡಿಯಿತೇ, ಸದ್ದು ಕೇಳಿತೇ, ಪ್ರಿಂಟರ್ ಒಂದು ಹಾಳೆ ಅಚ್ಚು ಹಾಕಿತೇ ನೋಡಿ. ಮನಸ್ಸಿಗೆ ಬಂದರೆ ಆಮೇಲೆ ಇನ್‌ಸ್ಟಾಲ್. ಡಿಸ್ಕ್ ಪೂರ್ತಿ ಅಳಿಸುವ ಆಯ್ಕೆಯೂ ಅಲ್ಲಿ ಇರುತ್ತದೆ. ಅದನ್ನು ಒತ್ತುವ ಮುಂಚೆ ಮದುವೆ, ನಾಮಕರಣದ ಫೋಟೋಗಳನ್ನೆಲ್ಲ ಬೇರೆಡೆ ಕಾಪಿ ಮಾಡಿಟ್ಟುಕೊಳ್ಳಿ.